ಹೊಗೆ ಬರೆದ ಹೊನ್ನು

ಚಿನ್ನದ ಒಂದು ಕಣವೂ ಇಲ್ಲದೆ ಚಿನ್ನದಂತೆ ಹೊಳೆಯುವ ಪಿಂಗಾಣಿ ಬಿಲ್ಲೆಗಳ ಕಥೆ ಇದು. ಈ ಹೊಳಪಿಗೆ ಲಸ್ಟರ್ ಎಂದು ಹೆಸರು. ಎಂಟುನೂರು ವರ್ಷಗಳ ಹಿಂದೆ ಅದರಲ್ಲಿ ಪಳಗಿದ್ದವರು ಇರಾನಿನ ಕಾಶಾನ್ ಪಟ್ಟಣದ ಕುಂಬಾರರು.

ವಿದ್ಯೆ ಮಾತ್ರ ಹೊರಗಿನದು. ಮೊದಲು ಈಜಿಪ್ಟ್, ಸಿರಿಯಾಗಳ ಗಾಜಿನ ಮೇಲೆ ಮೂಡಿತು. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಅದನ್ನು ಮಡಕೆಗೆ ಇಳಿಸಿದರು. ಕೈರೋ ಹಾದು, 12ನೇ ಶತಮಾನದ ಕೊನೆಯ ಹೊತ್ತಿಗೆ ಕಾಶಾನ್‌ನಲ್ಲಿ ಬೇರುಬಿಟ್ಟಿತು.

ಇಂಥ ಕಸುಬಿನ ಗುಟ್ಟು ಮನೆಯ ಹೊಸ್ತಿಲು ದಾಟುವುದು ಅಪರೂಪ. ಆದರೆ ಕಾಶಾನ್‌ನ ಕುಂಬಾರರಾದ ಅಬೂ ತಾಹಿರ್ ಮನೆತನದಲ್ಲಿ ಹುಟ್ಟಿ ಚರಿತ್ರೆಕಾರನಾದ ಅಬುಲ್ ಕಾಸಿಮ್, 1301ರಲ್ಲಿ ಅದನ್ನು ಬರೆದಿಟ್ಟ. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ಕಲಸಿ, ಅಚ್ಚು ಹಾಕಿ, ಬಿಳಿ ಮೆರುಗು ಹಚ್ಚಿ ಸುಡಬೇಕು. ಅದರ ಮೇಲೆ ಬೆಳ್ಳಿ, ತಾಮ್ರಗಳ ಸಂಯುಕ್ತ ಅರೆದು ಚಿತ್ರ ಬರೆದು, ಮತ್ತೆ ಆವಿಗೆಗೆ. ಈ ಸಲ ಉರಿ ಮೆಲ್ಲಗೆ, ಹೊಗೆಯೊಂದಿಗೆ, ಮೂರು ಹಗಲು ಮೂರು ರಾತ್ರಿ. ಹೊಗೆ ಆಮ್ಲಜನಕವನ್ನು ಕಸಿದುಕೊಂಡಾಗ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳು ಮೆರುಗಿನಲ್ಲಿ ಉಳಿಯುತ್ತವೆ. ತಣಿದ ಬಿಲ್ಲೆಯನ್ನು ಒದ್ದೆ ಮಣ್ಣಿನಿಂದ ಉಜ್ಜಿದರೆ ಹೊನ್ನು ಕಣ್ತೆರೆಯುತ್ತದೆ. ಹೊಗೆ ಕೊಂಚ ಹೆಚ್ಚಾದರೂ ಕಡಿಮೆಯಾದರೂ ಪಟ್ಟ ಪಾಡೆಲ್ಲ ನೀರುಪಾಲು.

ಗೋಡೆಯ ಮೇಲೆ ಎಂಟು ಮೂಲೆಯ ನಕ್ಷತ್ರಗಳು, ಅವುಗಳ ನಡುವೆ ಶಿಲುಬೆಯಾಕಾರದ ಬಿಲ್ಲೆ. ಅಂಚಿನಲ್ಲಿ ಕುರಾನಿನ ವಾಕ್ಯ ಇಲ್ಲವೇ ಪಾರಸಿ ಪದ್ಯ. ಮಶಾದ್‌ನ ಇಮಾಮ್ ರಜಾ ದರ್ಗಾಕ್ಕೆ 1215ರಲ್ಲೇ ಇಂಥ ಬಿಲ್ಲೆಗಳು ಹೋದವು. ಮಂಗೋಲರ ದಾಳಿಯಲ್ಲಿ ಕುಗ್ಗಿದ ಕಸುಬಿಗೆ ಮತ್ತೆ ಅನ್ನ ಕೊಟ್ಟವರೂ ಮಂಗೋಲ ದೊರೆಗಳೇ. 1270ರ ದಶಕದಲ್ಲಿ ಅಬಾಕಾ ಖಾನ್ ತಖ್ತ್-ಇ-ಸುಲೇಮಾನ್‌ನಲ್ಲಿ ಕಟ್ಟಿಸಿದ ಅರಮನೆಯ ಬಿಲ್ಲೆಗಳಲ್ಲಿ ಚೀನಾದ ಡ್ರ್ಯಾಗನ್ ಬಂದು ಕೂತಿತು. ಕಾಶಾನ್‌ನ ಹೆಸರೇ ಪಾರಸಿಯಲ್ಲಿ ಬಿಲ್ಲೆಗೆ ‘ಕಾಶಿ’ ಎಂಬ ಪದವಾಯಿತು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾದ ಬಣ್ಣದ ಬಿಲ್ಲೆಗಳೂ ಇರಾನಿನ ಕಾಶಿ ಕೆಲಸದ ನೆಂಟರೇ. ಆದರೆ ಅವುಗಳಲ್ಲಿ ಲಸ್ಟರ್ ಇಲ್ಲ. ಅದಕ್ಕೂ ಮೊದಲೇ, 14ನೇ ಶತಮಾನದ ನಡುವಿಗೆ, ಇರಾನಿನಲ್ಲೇ ಲಸ್ಟರ್ ಬಿಲ್ಲೆಗಳ ಕಾಲ ಮುಗಿದಿತ್ತು.

ಟೆಹ್ರಾನ್ ಬಳಿಯ ವರಾಮೀನಿನಲ್ಲಿ ಇಮಾಮ್‌ಜಾದಾ, ಅಂದರೆ ಇಮಾಮರ ವಂಶದ, ಯಾಹ್ಯಾನ ಗೋರಿಯಿದೆ. ಅಬುಲ್ ಕಾಸಿಮನ ತಂದೆ ಅಲಿ, 1265ರಲ್ಲಿ ಅದಕ್ಕೊಂದು ಲಸ್ಟರ್ ಬಿಲ್ಲೆಗಳ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು, ಮಾಡಿಕೊಟ್ಟ. 19ನೇ ಶತಮಾನದಲ್ಲಿ ಗೋಡೆಯ ಬಿಲ್ಲೆಗಳನ್ನು ಕಿತ್ತು ಮಾರಿದರು. ಅವು ಹತ್ತಾರು ಮ್ಯೂಸಿಯಂಗಳಿಗೆ ಚದುರಿದವು. ಮಿಹ್ರಾಬ್ ಕೈಯಿಂದ ಕೈಗೆ ದಾಟಿ, ಈಗ ಶಾಂತಸಾಗರದ ನಡುವೆ, ಹವಾಯಿಯ ಹೊನೊಲುಲುವಿನಲ್ಲಿದೆ.

ವರಾಮೀನಿನಲ್ಲಿ ಅದು ನಿಂತಿದ್ದ ಗೋಡೆ ಬರಿದಾಗಿದೆ. ಜನ ಅಲ್ಲಿ ಇಂದಿಗೂ ಪ್ರಾರ್ಥನೆಗೆ ಬರುತ್ತಾರೆ.