ಅಚ್ಚಿಗೆ ಹೋಗುವ ಮುನ್ನ ನಮ್ಮ ಎರಡು ಲಿಪಿಗಳು



ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್, ರಸೀದಿ ಪುಸ್ತಕ, ಶಾಲೆಯ ಪರಿಚಯ ಪತ್ರ ಇವುಗಳನ್ನು ಅಚ್ಚಿಗೆ ಸಿದ್ಧಪಡಿಸುವುದು ಭಾಷಣದ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಸಂಸ್ಥೆಯನ್ನು ಎಂದೂ ನೋಡದ ದಾನಿಯ ಕೈಗೆ, ಅಧಿಕಾರಿಯ ಮೇಜಿಗೆ ಮೊದಲು ತಲುಪುವುದು ಈ ಕಾಗದವೇ. ಅದರಲ್ಲಿ ‘ಶಿಕ್ಷಣ’ ಎಂಬ ಪದವೇ ಒಡೆದು ಹೋಗಿದ್ದರೆ, ನಾವು ಕೊಡುವ ಶಿಕ್ಷಣದ ಬಗ್ಗೆ ಅವರು ಏನೆಂದುಕೊಂಡಾರು?

ಅಕ್ಷರ ಜೋಡಿಸುವವರೂ ಅಚ್ಚು ಹಾಕುವವರೂ ಒಂದೇ ಊರಿನವರಾಗಿದ್ದಾಗ ತಪ್ಪು ಕಂಡರೆ ಅವರೇ ತಿದ್ದುತ್ತಿದ್ದರು. ಇಂದು ಜಮಖಂಡಿಯಲ್ಲೋ ಮುಧೋಳದಲ್ಲೋ ಕುಳಿತು ಮಾಡಿದ ವಿನ್ಯಾಸ ಹುಬ್ಬಳ್ಳಿಗೋ, ಕೊಲ್ಲಾಪುರಕ್ಕೋ, ಶಿವಕಾಶಿಗೋ ಫೈಲಾಗಿ ಹೋಗಬಹುದು. ಅಲ್ಲಿ ಯಂತ್ರದ ಮುಂದೆ ನಿಂತವರಿಗೆ ಕನ್ನಡವೂ ಬರಲಿಕ್ಕಿಲ್ಲ, ಉರ್ದುವೂ ಬರಲಿಕ್ಕಿಲ್ಲ. ಅವರ ಕಣ್ಣಿಗೆ ನಮ್ಮ ಅಕ್ಷರ ಒಂದು ಚಿತ್ರ. ಒಡೆದಿದ್ದರೆ ಒಡೆದಂತೆಯೇ ಅಚ್ಚಾಗುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಕಾರ್ಡ್ ಕಾರ್ಡಿನಲ್ಲಿ ಒಂದು ತೂತು ತಪ್ಪಿದರೆ, ಆ ತಪ್ಪು ಸೀರೆಯುದ್ದಕ್ಕೂ ಬರುತ್ತದೆ. ಫೈಲೂ ಹಾಗೆಯೇ. ಸಾವಿರ ಪ್ರತಿ ಹೊಡೆಸಿದರೆ ಸಾವಿರ ತಪ್ಪು.

ನಮ್ಮ ಎರಡೂ ಲಿಪಿಗಳು ಅಚ್ಚಿನ ಮನೆಗೆ ಸುಲಭವಾಗಿ ಬಂದವಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಬಂತು. ಉರ್ದು ಪುಸ್ತಕಗಳೂ ಬಹುಕಾಲ ಕಲ್ಲಚ್ಚನ್ನೇ ನಂಬಿದ್ದವು, ಏಕೆಂದರೆ ಕಾತಿಬರ ನಸ್ತಾಲೀಕ್ ಬರಹ ಸೀಸದ ಮೊಳೆಗಳಿಗೆ ಒಗ್ಗಲಿಲ್ಲ. ಚೆನ್ನೈನ ‘ದಿ ಮುಸಲ್ಮಾನ್’ ದಿನಪತ್ರಿಕೆ 1927ರಲ್ಲಿ ಆರಂಭವಾಗಿ ದಶಕಗಳ ಕಾಲ ಕೈಬರಹದಲ್ಲೇ ಹೊರಬಂತು. ನೂರಿ ನಸ್ತಾಲೀಕ್ ಬಂದದ್ದು 1981ರಲ್ಲಿ, ನಮ್ಮ ಡಿ.ಟಿ.ಪಿ. ಅಂಗಡಿಗಳಿಗೆ ಪರಿಚಿತವಾದ ಇನ್‌ಪೇಜ್ ಆ ಬಳಿಕ, 1994ರಲ್ಲಿ. ಇಷ್ಟು ಕಷ್ಟಪಟ್ಟು ಯಂತ್ರಕ್ಕೆ ಬಂದ ಅಕ್ಷರಗಳನ್ನು ಅಜಾಗರೂಕತೆಯಿಂದ ಕೆಡಿಸಬಾರದು.

ಮೊದಲು ಕನ್ನಡ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಎದುರಿನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್ ಇದ್ದರೂ, ಅದನ್ನು ಅರಿಯದ ಹಳೆಯ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಯಾಗಿ, ಅರ್ಕಾವತ್ತು ಸ್ಥಾನ ಬಿಟ್ಟು ನಿಲ್ಲುತ್ತದೆ. ‘ಕಾರ್ಯದರ್ಶಿ’, ‘ವಿದ್ಯಾರ್ಥಿ’, ‘ಅಧ್ಯಕ್ಷ’ ಈ ಮೂರು ಪದ ನೋಡಿದರೆ ಸಾಕು, ಫೈಲಿನ ಆರೋಗ್ಯ ತಿಳಿಯುತ್ತದೆ. ಪರಿಹಾರ ಇಷ್ಟೇ: ಫಾಂಟನ್ನು ಒಳಗೇ ಸೇರಿಸಿದ ಪಿ.ಡಿ.ಎಫ್. ಮಾಡಿರಿ, ಇಲ್ಲವೇ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿರಿ. ಕರ್ವ್ಸ್ ಆದ ಮೇಲೆ ಅಕ್ಷರ ತಿದ್ದಲಾಗದು. ಆದುದರಿಂದ ತಿದ್ದುವ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿರಿ.

ಉರ್ದುವಿನ ಗಂಡಾಂತರ ಬೇರೆ. ಬಲದಿಂದ ಎಡಕ್ಕೆ ಬರೆಯುವುದನ್ನು ಅರಿಯದ ತಂತ್ರಾಂಶಕ್ಕೆ ಅಂಟಿಸಿದರೆ ಕೂಡಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ತಿರುವುಮುರುವಾಗಿ ನಿಲ್ಲುತ್ತವೆ. ಅಂಥ ತಲೆಬರಹ ಹೊತ್ತ ಕರಪತ್ರಗಳನ್ನು ನಾನು ಕಂಡಿದ್ದೇನೆ. ಉರ್ದು ಬಾರದವರು ಅದನ್ನು ಅಲಂಕಾರವೆಂದು ತಿಳಿದಿರಬೇಕು! ಇನ್‌ಪೇಜಿನಲ್ಲಿ ಬರೆದು ಇ.ಪಿ.ಎಸ್. ಅಥವಾ ಪಿ.ಡಿ.ಎಫ್. ಆಗಿ ತೆಗೆದು ವಿನ್ಯಾಸದಲ್ಲಿ ಕೂಡಿಸುವುದು ಒಳ್ಳೆಯದು. ಫೋನ್ ಸಂಖ್ಯೆಯ ನಡುವೆ ಜಾಗ ಬಿಟ್ಟರೆ, ಉರ್ದು ಸಾಲಿನಲ್ಲಿ ಹಿಂದಿನ ಅಂಕಿಗಳು ಮುಂದೆ ಬಂದು ಕೂರುವುದುಂಟು. ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ, ಜಾಗ ಬಿಡದೆ ಬರೆಯಿರಿ.

ಇನ್ನು ಅಳತೆ. ಎ4 ಹಾಳೆ 210 × 297 ಮಿ.ಮೀ. ಬಣ್ಣ ಅಂಚಿನವರೆಗೂ ಬರಬೇಕಾದರೆ ಸುತ್ತಲೂ 3 ಮಿ.ಮೀ. ಹೆಚ್ಚು ಬಿಡಬೇಕು, ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಅಂದರೆ ಫೈಲು 216 × 303 ಆಗುತ್ತದೆ. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಕಾಣದಿರಲೆಂದು ಈ ಏರ್ಪಾಡು. ಹಾಗೆಯೇ ಅಕ್ಷರಗಳು ಅಂಚಿನಿಂದ 5 ಮಿ.ಮೀ. ಒಳಗಿರಲಿ. ನಮ್ಮಲ್ಲಿ 786 ಅನ್ನು ಹಾಳೆಯ ನೆತ್ತಿಯ ಮೇಲೆ ಹಾಕುವುದು ರೂಢಿ. ಮೊದಲು ಕತ್ತರಿಗೆ ಸಿಗುವುದೂ ಅದೇ.

ಬಣ್ಣದ ಮಾತು. ಕಂಪ್ಯೂಟರಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಅಚ್ಚಿನ ಯಂತ್ರ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು ಬಳಸುತ್ತದೆ. ಪರದೆಯ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುವುದು ಇದರಿಂದಲೇ. ಫೈಲನ್ನು ಮೊದಲೇ ಸಿ.ಎಂ.ವೈ.ಕೆ.ಗೆ ಬದಲಿಸಿ ನೋಡಿರಿ. ಸಣ್ಣ ಅಕ್ಷರಗಳಿಗೆ ಬರೀ ಕಪ್ಪು ಶಾಯಿ ಇರಲಿ. ನಾಲ್ಕೂ ಶಾಯಿ ಕೂಡಿಸಿ ಕಪ್ಪು ಮಾಡಿದರೆ, ಒಂದು ಪ್ಲೇಟು ಸ್ವಲ್ಪ ಸರಿದರೂ ಉರ್ದುವಿನ ನುಕ್ತೆಗಳೂ ಕನ್ನಡದ ಒತ್ತುಗಳೂ ಕಲಸಿಹೋಗುತ್ತವೆ. ಒಂದು ನುಕ್ತೆ ತಪ್ಪಿದರೆ ‘ಬೇ’ ಹೋಗಿ ‘ನೂನ್’ ಆದೀತೆಂದು ಉರ್ದು ಕಲಿತ ಮಕ್ಕಳಿಗೆ ಗೊತ್ತು. ಲೆಟರ್‌ಹೆಡ್ಡಿಗೆ ಒಂದೆರಡು ಬಣ್ಣ ಸಾಕು, ಖರ್ಚೂ ಕಡಿಮೆ.

ಫೋಟೋ ಮತ್ತು ಲಾಂಛನಗಳು ಅಚ್ಚಾಗುವ ಅಳತೆಯಲ್ಲಿ 300 ಡಿ.ಪಿ.ಐ. ಇರಬೇಕು. ಮೂರು ಇಂಚು ಅಗಲದ ಚಿತ್ರಕ್ಕೆ 900 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ; ಡಾಕ್ಯುಮೆಂಟ್ ಆಗಿ ಕಳುಹಿಸಿರಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿರಿ.

ಎರಡು ಭಾಷೆಯ ಪರಿಚಯ ಪತ್ರದಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ಮುಖಪುಟ ಎಡಕ್ಕೆ ತೆರೆಯುತ್ತದೆ, ಉರ್ದುವಿನದು ಬಲಕ್ಕೆ. ಒಂದು ತುದಿಯಿಂದ ಕನ್ನಡ, ಇನ್ನೊಂದು ತುದಿಯಿಂದ ಉರ್ದು ಆರಂಭಿಸಿ ನಡುವೆ ಕೂಡುವಂತೆ ಮಾಡಿದರೆ ಎರಡಕ್ಕೂ ಮುಖಪುಟ ಸಿಗುತ್ತದೆ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಮೂರು ಮಡಿಕೆಯ ಎ4 ಹಾಳೆಯಲ್ಲಿ ಒಳಗೆ ಮಡಚುವ ಭಾಗ ಉಳಿದವಕ್ಕಿಂತ ತುಸು ಚಿಕ್ಕದಿರಲಿ: 100, 100, 97 ಮಿ.ಮೀ. ಬಿಳಿ ಕಾಗದವನ್ನು ಕೈಯಿಂದ ಮಡಚಿ, ಪುಟದ ಸಂಖ್ಯೆ ಬರೆದು, ಅಚ್ಚಿನವರಿಗೆ ನಮೂನೆ ಕೊಟ್ಟರೆ ನೂರು ಫೋನು ಉಳಿಯುತ್ತವೆ.

ಕೊನೆಯದು ಪ್ರೂಫ್. ಕನ್ನಡವನ್ನು ಕನ್ನಡ ಬಲ್ಲವರು, ಉರ್ದುವನ್ನು ಉರ್ದು ಬಲ್ಲವರು, ಬ್ಯಾಂಕ್ ಖಾತೆ ಮತ್ತು ಫೋನ್ ಸಂಖ್ಯೆಗಳನ್ನು ಮೂರನೆಯವರು ಓದಲಿ. ಪರದೆಯ ಮೇಲೆ ಬೇಡ, ಕಾಗದದ ಮೇಲೆ. ಓದಿದವರು ತಾರೀಖು ಹಾಕಿ ಸಹಿ ಮಾಡಲಿ. ಸಂಸ್ಥೆಯ ಹಣವೆಂದರೆ ಯಾರೋ ಬೆವರು ಸುರಿಸಿ ಕೊಟ್ಟ ಚಂದಾ. ಅದು ರದ್ದಿಯ ಅಂಗಡಿಗೆ ಹೋಗಬಾರದು.

ವಿದ್ಯಾರ್ಥಿಗಳೇ, ಕೋರೆಲ್‌ಡ್ರಾ ಕಲಿತವರು ಬಹಳ ಮಂದಿ ಸಿಗುತ್ತಾರೆ. ಕನ್ನಡ, ಉರ್ದು ಎರಡನ್ನೂ ತಪ್ಪಿಲ್ಲದೆ ಓದಿ, ಫೈಲನ್ನು ಅಚ್ಚಿಗೆ ಸಿದ್ಧಪಡಿಸಬಲ್ಲವರು ವಿರಳ. ಬೀಳಗಿಯ ಅಂಗಡಿಕಾರನಿಗೂ ಬನಹಟ್ಟಿಯ ಸೀರೆ ವ್ಯಾಪಾರಿಗೂ ಅಂಥವರು ಬೇಕು. ಶಾಲೆಯಲ್ಲಿ ಕಲಿತ ಎರಡು ಲಿಪಿಗಳು ನಿಮಗೆ ಅನ್ನ ಕೊಡಬಲ್ಲವು. ಬಿಸ್ಮಿಲ್ಲಾ ಬರೆದ ಕಾಗದ ಕಾಲಡಿ ಬೀಳಬಾರದೆಂದೇ ಅನೇಕರು 786 ಬರೆಸುತ್ತಾರೆ. ಅಕ್ಷರವನ್ನು ಅಷ್ಟು ಗೌರವಿಸುವ ನಾವು, ಅದನ್ನು ಸರಿಯಾಗಿ ಅಚ್ಚು ಹಾಕಿಸುವ ಹೊಣೆಯನ್ನೂ ಹೊರೋಣ.