ಒಂದು ಮಕ್ಕಳ ಆಸ್ಪತ್ರೆಯ ಚರಿತ್ರೆಯೂ ದಾಸೋಹದ ಮರ್ಮವೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ದಾಸೋಹತತ್ತ್ವವನ್ನು ಕುರಿತು ವಿದ್ವಾಂಸರು ಈ ಸಭೆಯಲ್ಲಿ ಶಾಸ್ತ್ರಾಧಾರಪೂರ್ವಕವಾಗಿ ನಿರೂಪಿಸಿರುವರು. ಅದನ್ನೇ ಮತ್ತೆ ಹೇಳಿ ತಮ್ಮ ಕಾಲವನ್ನು ವ್ಯಯಮಾಡುವುದು ನನ್ನ ಉದ್ದೇಶವಲ್ಲ. ಆ ತತ್ತ್ವವು ಕಾರ್ಯರೂಪಕ್ಕಿಳಿದಾಗ ಎಂತಹ ಫಲವನ್ನು ಕೊಡಬಲ್ಲುದೆಂಬುದಕ್ಕೆ ಒಂದು ದೃಷ್ಟಾಂತವನ್ನು ಮಾತ್ರ ತಮ್ಮ ಮುಂದಿಡಬೇಕೆಂದಿದ್ದೇನೆ. ಆ ದೃಷ್ಟಾಂತವು ಅಮೇರಿಕಾ ದೇಶದ ಒಂದು ಮಕ್ಕಳ ಆಸ್ಪತ್ರೆಯದು. ಶರಣರ ಸಭೆಯಲ್ಲಿ ಪರದೇಶದವರ, ಪರಮತದವರ ಆಸ್ಪತ್ರೆಯ ಮಾತೇಕೆಂದು ಯಾರಾದರೂ ಕೇಳಬಹುದು. ಹಸಿದವರಿಗೆ ಅನ್ನವಿಕ್ಕುವುದೂ ರೋಗಿಗಳ ಶುಶ್ರೂಷೆ ಮಾಡುವುದೂ ಯಾವ ನೆಲದಲ್ಲಿ ನಡೆದರೂ ಅದು ಶಿವನ ಸೇವೆಯೇ ಸರಿ. ಅವರು ನಮ್ಮ ಶಬ್ದವನ್ನು ಅರಿಯದಿರಬಹುದು; ನಮ್ಮ ಶಬ್ದದ ಅರ್ಥವನ್ನು ಆಚರಿಸಿ ತೋರಿಸಿದ್ದಾರೆ.

ಅಮೇರಿಕಾದ ದಕ್ಷಿಣಭಾಗದಲ್ಲಿ ಟೆನ್ನೆಸ್ಸೀ ಎಂಬ ರಾಜ್ಯವುಂಟು. ಅಲ್ಲಿ ಮಿಸಿಸಿಪ್ಪಿ ಮಹಾನದಿಯ ದಂಡೆಯ ಮೇಲಿರುವ ಮೆಂಫಿಸ್ ನಗರದಲ್ಲಿ ೧೯೬೨ನೆಯ ಇಸವಿ ಫೆಬ್ರುವರಿ ೪ನೆಯ ತಾರೀಖು ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯು ಪ್ರಾರಂಭವಾಯಿತು. ಕ್ಯಾನ್ಸರ್ ಮೊದಲಾದ ಘೋರವ್ಯಾಧಿಗಳಿಗೆ ತುತ್ತಾದ ಮಕ್ಕಳೇ ಅಲ್ಲಿಯ ರೋಗಿಗಳು. ಚಿಕಿತ್ಸೆಗಾಗಲಿ, ಊರಿನಿಂದ ಬಂದುಹೋಗುವ ಪ್ರಯಾಣಕ್ಕಾಗಲಿ, ವಸತಿಗಾಗಲಿ, ಊಟಕ್ಕಾಗಲಿ ಯಾವ ತಂದೆತಾಯಿಗಳ ಕೈಗೂ ಅಲ್ಲಿ ಲೆಕ್ಕದ ಚೀಟಿಯನ್ನು ಕೊಡುವುದಿಲ್ಲ. ವಿಮೆಯುಳ್ಳವರಿದ್ದರೆ ವಿಮೆಯ ಸಂಸ್ಥೆಯಿಂದ ಬರತಕ್ಕುದನ್ನು ಪಡೆಯುವರು. ಉಳಿದ ಭಾರವೆಲ್ಲ ಆಸ್ಪತ್ರೆಯದೇ. ಲಾಭಕ್ಕೆಂದು ಹುಟ್ಟಿದ ಸಂಸ್ಥೆಯು ಇದಲ್ಲ. ಒಂದು ಹರಕೆಯಿಂದ ಹುಟ್ಟಿದುದು.

ಹರಕೆ ಹೊತ್ತವರು ಮಹಾಧನಿಕರೂ ಅಲ್ಲ, ವೈದ್ಯರೂ ಅಲ್ಲ. ಜನರನ್ನು ನಗಿಸಿ ಹೊಟ್ಟೆ ಹೊರೆಯುತ್ತಿದ್ದ ಡ್ಯಾನಿ ಥಾಮಸ್ ಎಂಬ ಹಾಸ್ಯನಟರು. ಲೆಬನಾನ್ ದೇಶದಿಂದ ವಲಸೆಹೋದ ಬಡ ಕ್ರೈಸ್ತಕುಟುಂಬದಲ್ಲಿ ೧೯೧೨ರಲ್ಲಿ ಇವರು ಜನಿಸಿದರು. ಯೌವನದಲ್ಲಿ ಕೆಲಸವಿಲ್ಲದೆ, ತುಂಬುಗರ್ಭಿಣಿಯಾದ ಹೆಂಡತಿಯ ಪ್ರಸವದ ವೆಚ್ಚಕ್ಕೂ ಗತಿಯಿಲ್ಲದೆ ಡೆಟ್ರಾಯಿಟ್ ನಗರದಲ್ಲಿ ಕಂಗೆಟ್ಟಿದ್ದಾಗ ಒಂದು ದೇವಾಲಯಕ್ಕೆ ಹೋಗಿ, ತಮ್ಮಲ್ಲುಳಿದಿದ್ದ ಏಳು ಡಾಲರುಗಳನ್ನು ಕಾಣಿಕೆಯಾಗಿ ಸಲ್ಲಿಸಿದರಂತೆ. ನಿರಾಶ್ರಿತರಿಗೆ ಆಶ್ರಯನೆಂದು ಕ್ರೈಸ್ತರು ನಂಬುವ ಸಂತ ಜೂಡನನ್ನು ಪ್ರಾರ್ಥಿಸಿ, ತಮಗೊಂದು ದಾರಿ ದೊರಕಿದರೆ ಆತನ ಹೆಸರಿನಲ್ಲಿ ಒಂದು ಮಂದಿರವನ್ನು ಕಟ್ಟಿಸುವೆನೆಂದು ಸಂಕಲ್ಪಮಾಡಿದರು. ಮುಂದೆ ಅವರಿಗೆ ಕೀರ್ತಿಯೂ ಸಂಪತ್ತೂ ಒದಗಿದವು. ಸುಖ ಬಂದಮೇಲೆ ಕಷ್ಟಕಾಲದ ಮಾತನ್ನು ಮರೆಯುವುದು ಲೋಕರೂಢಿ. ಥಾಮಸ್ ಅವರು ಮರೆಯಲಿಲ್ಲ. ಮಂದಿರವೆಂದರೆ ಕಲ್ಲಿನ ಗುಡಿಯೇ ಏಕಾಗಬೇಕು, ನರಳುವ ಮಕ್ಕಳ ಮನೆಯೇ ಏಕಾಗಬಾರದು ಎಂದು ಆಲೋಚಿಸಿ, ಹಿರಿಯ ಧರ್ಮಗುರುಗಳಾದ ಕಾರ್ಡಿನಲ್ ಸ್ಟ್ರಿಚ್ ಅವರ ಸಲಹೆಯಂತೆ ಮೆಂಫಿಸ್ ನಗರವನ್ನು ಆರಿಸಿಕೊಂಡರು. ಬಡಮಕ್ಕಳಿಗೆ ಸಾಮಾನ್ಯವಾದ ಒಂದು ಆಸ್ಪತ್ರೆ ಎಂಬುದು ಮೊದಲಿನ ಯೋಚನೆ. ಕೆಂಪು ರಕ್ತಕಣಗಳು ಕುಡುಗೋಲಿನಾಕಾರಕ್ಕೆ ತಿರುಗುವ ಆನುವಂಶಿಕ ರೋಗವನ್ನು ಅಲ್ಲಿಯೇ ಬಹುಕಾಲ ಅಭ್ಯಸಿಸಿದ್ದ ಡಾಕ್ಟರ್ ಲೆಮ್ಯುಯೆಲ್ ಡಿಗ್ಸ್ ಮೊದಲಾದವರ ವಿಚಾರದಿಂದ, ಔಷಧವೇ ಇಲ್ಲದ ರೋಗಗಳಿಗೆ ಔಷಧವನ್ನು ಹುಡುಕುವ ಸಂಶೋಧನಾಲಯವೂ ಅದರೊಡನೆ ಕೂಡಿತು.

ಇಷ್ಟು ದೊಡ್ಡ ಕಾರ್ಯಕ್ಕೆ ಹಣವೆಲ್ಲಿಂದ ಬಂದೀತು? ಥಾಮಸ್ ದಂಪತಿಗಳು ಊರೂರು ತಿರುಗಿ ಯಾಚಿಸಿದರು. ೧೯೫೭ರಲ್ಲಿ, ತಮ್ಮಂತೆಯೇ ಲೆಬನಾನ್, ಸಿರಿಯಾ ಮೂಲದವರಾದ ಜನರನ್ನು ಕೂಡಿಸಿ, ಧನಸಂಗ್ರಹಕ್ಕೆಂದೇ ಆಲ್ಸಾಕ್ ಎಂಬ ಬೇರೊಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮ ಹಿರಿಯರಿಗೆ ಆಶ್ರಯ ಕೊಟ್ಟ ದೇಶದ ಋಣವನ್ನು ತೀರಿಸಬೇಕೆಂಬುದು ಆ ವಲಸೆಗಾರರ ಆಶಯ. ಅಂದು ಮೊದಲಾಗಿ ಇಂದಿನವರೆಗೆ ಆಸ್ಪತ್ರೆಯ ವೆಚ್ಚದ ಬಹುಭಾಗವು ಲಕ್ಷಾಂತರ ಸಾಮಾನ್ಯ ಜನರು ಕೊಡುವ ಕಿರುಕಾಣಿಕೆಗಳಿಂದಲೇ ಸಾಗುತ್ತಲಿದೆ.

ಈ ಮಾತನ್ನು ಕೇಳಿದಾಗ ನಮಗೆ ಆಯ್ದಕ್ಕಿ ಮಾರಯ್ಯನವರ ನೆನಪಾಗದೆ ಇರದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ಶರಣನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತಂದು ನಿತ್ಯದಾಸೋಹವನ್ನು ನಡೆಯಿಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ತಾಯಿಯು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬುದು ತಾವೆಲ್ಲರೂ ಬಲ್ಲ ಕಥೆ. ದಾಸೋಹಕ್ಕೆ ರಾಜರ ಬೊಕ್ಕಸವು ಬೇಕಿಲ್ಲ. ಕಾಳುಕಾಳಾಗಿ ಆಯುವ ಕೈಯೂ, ಆಯ್ದುದು ತನ್ನದಲ್ಲವೆಂಬ ಅರಿವೂ ಬೇಕು. ಮೆಂಫಿಸಿನ ಆಸ್ಪತ್ರೆಯೂ ಆಯ್ದಕ್ಕಿಯಿಂದ ಬೆಳೆದ ಸಂಸ್ಥೆಯೇ.

ಆ ಆಸ್ಪತ್ರೆಯ ಮೊದಲ ಕಟ್ಟಡವು ನಕ್ಷತ್ರದ ಆಕಾರದ್ದು. ಅದರ ನಕ್ಷೆಯನ್ನು ಪ್ರತಿಫಲವಿಲ್ಲದೆ ಮಾಡಿಕೊಟ್ಟವರು ಪಾಲ್ ವಿಲಿಯಮ್ಸ್ ಎಂಬ ಖ್ಯಾತ ಶಿಲ್ಪಿಗಳು, ಇವರು ಕಪ್ಪುಜನಾಂಗದವರು. ಇದರ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಅಮೇರಿಕಾದ ದಕ್ಷಿಣಭಾಗದ ಸ್ಥಿತಿಯನ್ನು ತಿಳಿಯಬೇಕು. ಅಲ್ಲಿ ಬಿಳಿಯರಿಗೆ ಬೇರೆ ಪಾಠಶಾಲೆ, ಕಪ್ಪುಜನರಿಗೆ ಬೇರೆ ಪಾಠಶಾಲೆ. ಆಸ್ಪತ್ರೆಗಳಲ್ಲಿಯೂ ಅದೇ ಭೇದ. ಕಪ್ಪುಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರು ೧೯೬೮ರಲ್ಲಿ ಗುಂಡಿಗೆ ಬಲಿಯಾದುದೂ ಇದೇ ಮೆಂಫಿಸ್ ನಗರದಲ್ಲಿ. ಅಂತಹ ಊರಿನಲ್ಲಿ ಅಂತಹ ಕಾಲದಲ್ಲಿ ಈ ಆಸ್ಪತ್ರೆಯು ಬಣ್ಣವನ್ನಾಗಲಿ, ಮತವನ್ನಾಗಲಿ, ಹಣವನ್ನಾಗಲಿ ಕೇಳದೆ, ಎಲ್ಲ ಮಕ್ಕಳನ್ನೂ ಒಂದೇ ಸೂರಿನಡಿಯಲ್ಲಿ ಸಮನಾಗಿ ಉಪಚರಿಸಿತು. ಕುಲವನ್ನು ಕೇಳದೆ ಪಂಕ್ತಿಯಲ್ಲಿ ಕುಳ್ಳಿರಿಸುವ ಪರಂಪರೆಯವರಾದ ನಮಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇನ್ನು ರೋಗದ ವಿಷಯ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರೇ ಹೆಚ್ಚು. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳು ಪಕ್ವವಾಗದೆ ಮಿತಿಮೀರಿ ಬೆಳೆದು ಆರೋಗ್ಯವಂತ ಕಣಗಳಿಗೆ ಎಡೆಯಿಲ್ಲದಂತೆ ಮಾಡುವುವು; ಆಗ ಮಗುವು ಬಿಳಿಚಿಕೊಂಡು, ಜ್ವರದಿಂದ ಬೆಂದು, ರಕ್ತಸ್ರಾವದಿಂದಲೋ ಸೋಂಕಿನಿಂದಲೋ ಅಳಿಯುವುದು. ೧೯೬೨ರಲ್ಲಿ ಈ ರೋಗದ ಮುಖ್ಯ ಪ್ರಭೇದಕ್ಕೆ ಸಿಕ್ಕಿದ ನೂರು ಮಕ್ಕಳಲ್ಲಿ ಬದುಕುತ್ತಿದ್ದವರು ಸುಮಾರು ನಾಲ್ವರು. ಇದು ವಾಸಿಯಾಗದ ರೋಗ, ನೋವನ್ನು ಕಡಮೆಮಾಡುವುದಷ್ಟೇ ವೈದ್ಯರ ಧರ್ಮ ಎಂದು ಬಹುಜನ ಪಂಡಿತರು ಕೈಚೆಲ್ಲಿದ್ದರು. ಆಸ್ಪತ್ರೆಯ ಮೊದಲ ನಿರ್ದೇಶಕರಾದ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಅವರು ಆ ಮಾತನ್ನು ಒಪ್ಪಲಿಲ್ಲ. ಕೆಲಸಕ್ಕೆ ನಿಂತಾಗ ಅವರ ವಯಸ್ಸು ಮೂವತ್ತೈದು. ತಾವೇ ಹಿಂದೆ ಪೋಲಿಯೋ ರೋಗದಿಂದ ನರಳಿ ಎದ್ದವರು.

ಆಗ ಬಳಕೆಯಲ್ಲಿದ್ದ ಔಷಧಗಳು ಒಂದೊಂದೂ ರೋಗವನ್ನು ಕೆಲವು ತಿಂಗಳು ಅಡಗಿಸುತ್ತಿದ್ದವು; ಬಳಿಕ ಅದು ಮರುಕಳಿಸುತ್ತಿತ್ತು. ಪಿಂಕೆಲ್ ಅವರೂ ಅವರ ಸಹೋದ್ಯೋಗಿಗಳೂ ಆ ಔಷಧಗಳನ್ನು ಒಟ್ಟುಗೂಡಿಸಿ ಕ್ರಮವಾಗಿ ಪ್ರಯೋಗಿಸಿದರು. ಮೊದಲು ರೋಗವನ್ನು ಅಡಗಿಸುವುದು. ಅನಂತರ ಚಿಕಿತ್ಸೆಯನ್ನು ತೀವ್ರಗೊಳಿಸುವುದು. ಔಷಧವು ಸುಲಭವಾಗಿ ತಲುಪದ ಮಿದುಳಿನ ಪೊರೆಗಳಲ್ಲಿ ಅವಿತುಕೊಂಡ ರೋಗಕಣಗಳನ್ನು ವಿಕಿರಣದಿಂದಲೂ ಬೆನ್ನುಹುರಿಯ ದ್ರವಕ್ಕೆ ಕೊಡುವ ಔಷಧದಿಂದಲೂ ನಾಶಮಾಡುವುದು. ಕೊನೆಗೆ ಎರಡು ಮೂರು ವರ್ಷಗಳವರೆಗೆ ಬಿಡದೆ ಔಷಧವನ್ನು ಮುಂದುವರಿಸುವುದು. ಇದಕ್ಕೆ ಅವರು ಸಮಗ್ರಚಿಕಿತ್ಸೆ ಎಂಬರ್ಥದ ಹೆಸರನ್ನಿಟ್ಟರು. ೧೯೬೭ರಲ್ಲಿ ಆರಂಭವಾದ ಐದನೆಯ ಪ್ರಯೋಗದಲ್ಲಿ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬದುಕಿ ಉಳಿದರು. ಇಂದು ಆ ಆಸ್ಪತ್ರೆಯಲ್ಲಿ ಇದೇ ರೋಗದಿಂದ ಉಳಿಯುವವರು ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು. ಈ ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದಾದ ವಿನ್‌ಕ್ರಿಸ್ಟೀನ್ ಎಂಬುದನ್ನು ನಮ್ಮ ಹಿತ್ತಲಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದಲೇ ತೆಗೆಯುವರು. ಹಾಗೆಂದು ಆ ಗಿಡವನ್ನು ಅರೆದು ಕುಡಿದರೆ ರೋಗವು ಹೋಗುವುದೆಂದು ಯಾರೂ ಭ್ರಮಿಸಬಾರದು, ಅದು ವಿಷಯುಕ್ತವಾದುದು.

ಇನ್ನೊಂದು ಸಂಗತಿಯು ನನ್ನ ಮನಸ್ಸಿಗೆ ಬಹಳ ಹಿಡಿಸಿದೆ. ತಲೆಗೆ ಕೊಟ್ಟ ವಿಕಿರಣದಿಂದ ಮಕ್ಕಳೇನೋ ಬದುಕಿದರು. ಆದರೆ ವರ್ಷಗಳು ಕಳೆದಂತೆ ಕೆಲವರ ಕಲಿಕೆಯ ಶಕ್ತಿ ಕುಂದಿತು, ಬೆಳವಣಿಗೆ ಕುಗ್ಗಿತು, ಕೆಲವರಿಗೆ ಬೇರೆ ಗಡ್ಡೆಗಳು ಹುಟ್ಟಿದವು. ತಮಗೆ ಕೀರ್ತಿ ತಂದ ಚಿಕಿತ್ಸೆಯೆಂಬ ಅಭಿಮಾನದಿಂದ ಅವರು ಅದನ್ನು ಹಿಡಿದುಕೊಂಡು ಕೂರಲಿಲ್ಲ. ಔಷಧದ ಪ್ರಮಾಣವನ್ನು ಪ್ರತಿಯೊಂದು ಮಗುವಿನ ಸ್ಥಿತಿಗೆ ತಕ್ಕಂತೆ ಗೊತ್ತುಮಾಡಿದರೆ ತಲೆಗೆ ವಿಕಿರಣವೇ ಬೇಕಿಲ್ಲವೆಂದು ಅದೇ ಆಸ್ಪತ್ರೆಯ ಡಾಕ್ಟರ್ ಚಿಂಗ್-ಹೊನ್ ಪುಯಿ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿ ತೋರಿಸಿದರು. ಸೇವೆಯಲ್ಲಿ ಅಹಂಕಾರವು ಸೇರಿದರೆ ಅದು ಸೇವೆಯಾಗಿ ಉಳಿಯದೆಂದು ನಾವು ಬಾಯಿಂದ ಹೇಳುವೆವು. ಅವರು ಲೆಕ್ಕವಿಟ್ಟು, ಪರೀಕ್ಷಿಸಿ, ತಮ್ಮದನ್ನೇ ತಿದ್ದಿಕೊಂಡು ತೋರಿಸಿದರು.

ಹಾಗಾದರೆ ಆ ಮಕ್ಕಳನ್ನು ಬದುಕಿಸಿದುದು ಔಷಧವೊಂದೇ ಏನು? ನಾನು ಇಂದು ತಮ್ಮಲ್ಲಿ ಅರಿಕೆಮಾಡಬೇಕೆಂದಿರುವ ಮುಖ್ಯ ವಿಷಯವೇ ಇದು. ಚಿಕಿತ್ಸೆಯು ಎರಡು ಮೂರು ವರ್ಷ ನಡೆಯತಕ್ಕದ್ದು. ಅಷ್ಟು ಕಾಲ ಬಡ ತಂದೆಯು ಕೂಲಿಯನ್ನು ಬಿಟ್ಟು, ತಾಯಿಯು ಮನೆಯ ಉಳಿದ ಮಕ್ಕಳನ್ನು ಬಿಟ್ಟು, ದೂರದ ಪಟ್ಟಣದಲ್ಲಿ ಎಲ್ಲಿ ತಂಗಬೇಕು, ಏನು ಉಣ್ಣಬೇಕು? ಬಡದೇಶಗಳಲ್ಲಿ ಅನೇಕ ಮಕ್ಕಳು ಔಷಧವು ನಾಟದೆ ಸಾಯುವುದಿಲ್ಲ. ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳಿ ಸಾಯುವರು. ರೋಗವು ಅಡಗಿದೊಡನೆ ಮಗುವು ನಗುತ್ತ ಆಡತೊಡಗುವುದು. ವಾಸಿಯಾಯಿತೆಂದು ತಂದೆತಾಯಿಗಳು ನಂಬುವರು. ಕೈಯಲ್ಲಿ ಕಾಸೂ ಇರದು. ಕೆಲವು ತಿಂಗಳಲ್ಲಿ ರೋಗವು ಮರುಕಳಿಸುವುದು. ಆದುದರಿಂದ ಮೆಂಫಿಸಿನ ಆಸ್ಪತ್ರೆಯು ಊಟವನ್ನೂ ವಸತಿಯನ್ನೂ ಪ್ರಯಾಣವನ್ನೂ ಔಷಧದ ಜೊತೆಯಲ್ಲಿಯೇ ಎಣಿಸಿತು. ಅಲ್ಲಿ ಅನ್ನವು ಚಿಕಿತ್ಸೆಗೆ ಸೇರಿಸಿದ ಉಪಕಾರವಲ್ಲ, ಚಿಕಿತ್ಸೆಯ ಒಂದು ಅಂಗ. ಇದೇ ದಾಸೋಹದ ಮರ್ಮವೆಂದು ನಾನು ತಿಳಿದಿದ್ದೇನೆ.

ಅವರು ತಮ್ಮ ವಿದ್ಯೆಯನ್ನೂ ಬಚ್ಚಿಡಲಿಲ್ಲ; ಕಂಡುಕೊಂಡುದನ್ನು ಪ್ರಕಟಿಸಿ ಲೋಕದ ವೈದ್ಯರೆಲ್ಲರಿಗೂ ಹಂಚಿದರು. ಜಗತ್ತಿನಲ್ಲಿ ಪ್ರತಿವರ್ಷವೂ ಸುಮಾರು ನಾಲ್ಕು ಲಕ್ಷ ಮಕ್ಕಳಿಗೂ ಕಿಶೋರರಿಗೂ ಕ್ಯಾನ್ಸರ್ ತಗಲುತ್ತದೆ. ಶ್ರೀಮಂತದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುಣಹೊಂದುವರು. ಬಡದೇಶಗಳು ಅನೇಕದರಲ್ಲಿ ನೂರಕ್ಕೆ ಮೂವತ್ತು ಮಂದಿಯೂ ಇಲ್ಲ. ಈ ಅಂತರವನ್ನು ತಗ್ಗಿಸುವುದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಈ ಆಸ್ಪತ್ರೆಯೊಡನೆ ಕೂಡಿ ಒಂದು ಕಾರ್ಯವನ್ನು ಕೈಕೊಂಡಿತು. ೨೦೩೦ರ ವೇಳೆಗೆ ಎಲ್ಲೆಡೆಯೂ ನೂರಕ್ಕೆ ಅರುವತ್ತು ಮಕ್ಕಳಾದರೂ ಉಳಿಯಬೇಕೆಂಬುದು ಅದರ ಗುರಿ.

ಡ್ಯಾನಿ ಥಾಮಸ್ ಅವರು ೧೯೯೧ರ ಫೆಬ್ರುವರಿ ೪ರಂದು ಆಸ್ಪತ್ರೆಯ ಇಪ್ಪತ್ತೊಂಬತ್ತನೆಯ ವಾರ್ಷಿಕೋತ್ಸವದಲ್ಲಿ ಭಾಗವಹಿಸಿ, ಎರಡೇ ದಿನಗಳಲ್ಲಿ ದೇಹವನ್ನು ಬಿಟ್ಟರು. ಆಸ್ಪತ್ರೆಯ ಆವರಣದಲ್ಲಿಯೇ ಅವರ ಸಮಾಧಿಯಿದೆ. ಹರಕೆಯು ತೀರಿತು, ಕಾಯಕವು ನಡೆಯುತ್ತಲಿದೆ. ಅಲ್ಲಿಯೂ ಎಲ್ಲ ಮಕ್ಕಳೂ ಉಳಿಯುವರೆಂದಲ್ಲ. ಉಳಿಸಲಾರದ ಮಗುವಿನ ತಾಯಿಯ ಕಣ್ಣೀರಿಗೆ ಯಾವ ಸಂಸ್ಥೆಯಲ್ಲಿಯೂ ಪರಿಹಾರವಿಲ್ಲ. ಆದರೆ ಹಣವಿಲ್ಲದ್ದರಿಂದ ನನ್ನ ಮಗುವು ಹೋಯಿತೆಂಬ ಮಾತನ್ನು ಅಲ್ಲಿ ಯಾವ ತಾಯಿಯೂ ಆಡಬೇಕಾಗಿಲ್ಲ. ಮನುಷ್ಯಪ್ರಯತ್ನಕ್ಕೆ ಸಾಧ್ಯವಾದುದು ಇಷ್ಟು, ಇಷ್ಟಾದರೂ ಸಾಧ್ಯವಾಯಿತಲ್ಲ!

ಸದ್ಭಕ್ತರೇ, ಇದನ್ನು ಕೇಳಿ ನಾವು ಏನು ಮಾಡತಕ್ಕದ್ದು? ಅಂತಹ ಮಹಾಸಂಶೋಧನಾಲಯವನ್ನು ಈ ದಿನವೇ ಕಟ್ಟುವುದು ನಮ್ಮ ಶಕ್ತಿಗೆ ಮೀರಿದುದು. ಆದರೆ ಅದರ ಅರ್ಧಭಾಗವು ನಮ್ಮ ಕೈಯಲ್ಲಿ ಈಗಾಗಲೇ ಇದೆ. ನಮ್ಮ ಮಠಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯಗಳನ್ನು ನಡೆಯಿಸಿಕೊಂಡು ಬಂದಿವೆ. ಶ್ರೀ ಸಿದ್ಧಗಂಗಾಕ್ಷೇತ್ರದಲ್ಲಿ ದಿನವೂ ಸಹಸ್ರಾರು ಮಕ್ಕಳು ಪ್ರಸಾದವನ್ನು ಸ್ವೀಕರಿಸುವರು. ಒಲೆಯನ್ನು ಆರಗೊಡದ ಈ ವಿದ್ಯೆಯಲ್ಲಿ ನಮಗೆ ಅನ್ಯರಿಂದ ಕಲಿಯತಕ್ಕುದಿಲ್ಲ. ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಸ್ಥಳಗಳಿಗೆ ದೂರದ ಹಳ್ಳಿಗಳಿಂದ ಮಕ್ಕಳನ್ನೆತ್ತಿಕೊಂಡು ಬರುವ ತಂದೆತಾಯಿಗಳಿಗೆ ಒಂದು ಕೊಠಡಿ, ಎರಡು ಹೊತ್ತಿನ ಪ್ರಸಾದ, ಊರಿಗೆ ಹೋಗಿಬರುವ ಬಸ್ಸಿನ ಹಣ, ಚಿಕಿತ್ಸೆಯನ್ನು ನಡುವೆ ಬಿಡಬೇಡಿರೆಂದು ಹೇಳುವ ಒಬ್ಬ ಹಿರಿಯರ ಮಾತು, ಇಷ್ಟನ್ನು ಒದಗಿಸಿದರೆ ವೈದ್ಯರು ಕೊಡುವ ಔಷಧವು ಸಾರ್ಥಕವಾದೀತು. ಕಲಿಯುವ ಮಗುವಿಗೆ ತೆರೆದ ಬಾಗಿಲು ನರಳುವ ಮಗುವಿಗೂ ತೆರೆಯಲಿ.

ತಾಯಂದಿರಲ್ಲಿ ಒಂದು ವಿಶೇಷ ವಿಜ್ಞಾಪನೆ. ಮಗುವು ದಿನೇ ದಿನೇ ಬಿಳಿಚಿಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ಜ್ವರವು ವಾರಗಟ್ಟಲೆ ಬಿಡದಿದ್ದರೆ, ವಸಡಿನಿಂದಲೋ ಮೂಗಿನಿಂದಲೋ ರಕ್ತ ಬರುತ್ತಿದ್ದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟಿದರೆ, ಕೈಕಾಲಿನ ಎಲುಬು ನೋಯುತ್ತದೆಂದು ಅತ್ತರೆ, ಕುತ್ತಿಗೆಯಲ್ಲಿ ಗಂಟುಗಳು ಕಾಣಿಸಿಕೊಂಡರೆ, ದೃಷ್ಟಿಯಾಯಿತೆಂದು ನಿವಾಳಿಸಿ ದಿನ ಕಳೆಯದೆ ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಇವೆಲ್ಲವೂ ಕ್ಯಾನ್ಸರೇ ಎಂದಲ್ಲ. ಬಹುಪಾಲು ಬೇರೆ ಸಾಮಾನ್ಯ ಕಾರಣಗಳಿಂದಲೇ ಬರುವುವು. ಆದರೆ ಕ್ಯಾನ್ಸರಾಗಿದ್ದರೆ ಬೇಗ ತಿಳಿದಷ್ಟೂ ಉಳಿಯುವ ಆಶೆ ಹೆಚ್ಚು.

ಏಳು ಡಾಲರುಗಳ ಕಾಣಿಕೆಯಿಂದ ಮೊದಲಾದ ಸಂಕಲ್ಪವು ಲೋಕೋಪಕಾರಿಯಾದ ಸಂಸ್ಥೆಯಾಗಿ ಬೆಳೆಯಿತು. ಈ ಮಹೋತ್ಸವದಲ್ಲಿ ಭಕ್ತರು ಸಲ್ಲಿಸುವ ಕಾಣಿಕೆಯಲ್ಲಿ ಒಂದು ಹಿಡಿಯು ರೋಗಪೀಡಿತ ಮಕ್ಕಳ ದಾಸೋಹಕ್ಕೆಂದು ಪ್ರತ್ಯೇಕವಾಗಿ ಸಲ್ಲಲಿ ಎಂದು ಶ್ರೀಸನ್ನಿಧಿಯಲ್ಲಿ ಬಿನ್ನವಿಸುತ್ತೇನೆ.