ಇಪ್ಪತ್ತೈದು ಅಂಕದ ಬಾವಿ



ಸಮ್ಮೇಳನದ ಅಧ್ಯಕ್ಷ ಭಾಷಣ ನಾಡುನುಡಿಯ ಗುಣಗಾನದಿಂದ ಶುರುವಾಗಬೇಕೆಂಬ ರೂಢಿಯಿದೆ. ಆ ಕೆಲಸವನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ಮಾಡಿದ್ದಾರೆ. ನನಗೆ ವಹಿಸಿರುವ ವಿಷಯ ಸಣ್ಣ ಕಾಲೇಜುಗಳಲ್ಲಿ ಪರಿಸರ ವಿಜ್ಞಾನದ ಓದು. ಹಾಗಾಗಿ ನೇರವಾಗಿ ಅಂಕಗಳ ಮಾತಿಗೇ ಬರುತ್ತೇನೆ. ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿನಿಯರು ಕಿವಿಗೊಡುವುದೂ ಅಲ್ಲಿಯೇ ತಾನೆ?

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದಕ್ಕೇ ಸೇರಿ, ಪರಿಸರ ಅಧ್ಯಯನ ಎಂಬ ಪತ್ರಿಕೆಯೊಂದನ್ನು ಪಾಸು ಮಾಡಲೇಬೇಕು. ಇದು ಯಾವ ವಿಶ್ವವಿದ್ಯಾಲಯವೂ ತಾನಾಗಿ ತಂದದ್ದಲ್ಲ. ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1991ರ ನವೆಂಬರಿನಲ್ಲಿ ನ್ಯಾಯಾಲಯ ಈ ವಿಷಯವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ಮಾಡುವ ದಿಕ್ಕಿನಲ್ಲಿ ಆದೇಶ ಕೊಟ್ಟಿತು. ಅದು ಕಾಲೇಜಿನ ಕೋಣೆಗೆ ಇಳಿಯಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಕೊನೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆರು ತಿಂಗಳ ಪಠ್ಯಕ್ರಮ ರೂಪಿಸಿತು, ಪುಣೆಯ ಎರಾಚ್ ಭರೂಚಾ ಅದಕ್ಕೆ ಪುಸ್ತಕ ಬರೆದರು. ಎಂಟು ಘಟಕ, 50 ತರಗತಿ, 100 ಅಂಕ. ಸಣ್ಣ ಉತ್ತರಗಳಿಗೆ 25, ದೊಡ್ಡ ಉತ್ತರಗಳಿಗೆ 50, ಉಳಿದ 25 ಕ್ಷೇತ್ರಕಾರ್ಯಕ್ಕೆ. ಊರಿನ ಹೊಳೆಯನ್ನೋ ಬೆಟ್ಟವನ್ನೋ ನೋಡಿ ಬರೆಯಿರಿ, ಕೆಟ್ಟುಹೋದ ಒಂದು ಜಾಗಕ್ಕೆ ಹೋಗಿ ಬನ್ನಿ, ಸುತ್ತಲಿನ ಗಿಡ, ಹುಳು, ಹಕ್ಕಿ ಗುರುತಿಸಿ ಎಂದು ಆ ಪಠ್ಯಕ್ರಮ ಬಾಯಿಬಿಟ್ಟು ಹೇಳುತ್ತದೆ. ಕ್ರೆಡಿಟ್ ಪದ್ಧತಿ ಬಂದಮೇಲೆ ಅಂಕದ ಲೆಕ್ಕ ವಿಶ್ವವಿದ್ಯಾಲಯಕ್ಕೊಂದು ಬಗೆ. ನಾನು ಹಳೆಯ ಲೆಕ್ಕವನ್ನೇ ಹಿಡಿದು ಮಾತಾಡುತ್ತೇನೆ.

ವರ್ಷದ ಕೊನೆಯ ವಾರ ಯಾವುದಾದರೂ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ನೋಡಿ. ಹೋದ ವರ್ಷದವರ ಪ್ರಾಜೆಕ್ಟ್ ಪುಸ್ತಕಗಳು ಹೆಸರು, ರಿಜಿಸ್ಟರ್ ನಂಬರ್ ಬದಲಿಸಿಕೊಂಡು ಮತ್ತೆ ಹುಟ್ಟುತ್ತಿರುತ್ತವೆ. ಪಕ್ಕದಲ್ಲಿ ಸ್ಪೈರಲ್ ಬೈಂಡಿಂಗ್, ಮುಖಪುಟದಲ್ಲಿ ಕರಗುವ ಮಂಜಿನ ಮೇಲೆ ನಿಂತ ಬಿಳಿ ಕರಡಿ. ಕರಡಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಸುಕಿನಲ್ಲಿ ಮಲ್ಲಿಗೆ ಬಿಡಿಸಿ, ಬೆರಳಿನ ವಾಸನೆ ಆರುವ ಮೊದಲೇ ಮೊದಲ ಪೀರಿಯಡ್ಡಿಗೆ ಬಂದು ಕೂರುವ ಹುಡುಗಿ ಉತ್ತರಧ್ರುವದ ಬಗ್ಗೆ ನಕಲು ಹೊಡೆದು 25ಕ್ಕೆ 23 ತೆಗೆದುಕೊಳ್ಳುವುದನ್ನು ವಿದ್ಯೆ ಎನ್ನಲು ನಾಲಗೆ ಏಳುವುದಿಲ್ಲ. ತಪ್ಪು ಅವಳದಲ್ಲ. ಯಾರ ಟೈಮ್‌ಟೇಬಲ್ಲಿನಲ್ಲಿ ಗಂಟೆ ಕಡಿಮೆ ಬಿದ್ದಿದೆಯೋ ಅವರ ತಲೆಗೆ ಈ ಪತ್ರಿಕೆಯನ್ನು ಕಟ್ಟುವುದು ಬಹಳ ಕಡೆ ನಡೆದುಬಂದಿದೆ. ವಾಣಿಜ್ಯದ ಮೇಷ್ಟ್ರು ಓಜೋನ್ ಪದರವನ್ನು ಓದಿ ಹೇಳುತ್ತಾರೆ, ಹುಡುಗಿಯರು ಬರೆದುಕೊಳ್ಳುತ್ತಾರೆ.

ನನ್ನ ವಾದ ಇಷ್ಟೇ. ಆ ನೂರರಲ್ಲಿ 75 ಅಂಕದ ಪಾಠವನ್ನು ಮಧುರೆ, ಚೆನ್ನೈ, ಬೆಂಗಳೂರಿನ ದೊಡ್ಡ ಕಾಲೇಜುಗಳು ನಮಗಿಂತ ಚೆನ್ನಾಗಿ ಮಾಡಬಹುದು. ಅವರಿಗೆ ಪ್ರಯೋಗಾಲಯವಿದೆ, ಗ್ರಂಥಾಲಯವಿದೆ, ವಿಷಯ ಓದಿದ ಅಧ್ಯಾಪಕರಿದ್ದಾರೆ. ಉಳಿದ 25 ಅಂಕದ ಕೆಲಸದಲ್ಲಿ ಮಾತ್ರ ನಾವು ಸೇರಿರುವ ಈ ನಿಲಕ್ಕೋಟ್ಟೈಯಂಥ ಊರಿನ ಕಾಲೇಜನ್ನು ಅವರು ಹಿಂದಿಕ್ಕಲಾರರು. ನಾವು ಬಿಟ್ಟುಕೊಟ್ಟಿರುವುದೂ ಅದನ್ನೇ.

ಇಲ್ಲಿಂದ ಸುಮಾರು ಒಂದು ಗಂಟೆಯ ಬಸ್ ದಾರಿ ದಿಂಡಿಗಲ್. ಚರ್ಮ ಹದ ಮಾಡುವ ಊರು. ಹಿಂದೆ ಆವರಿಕೆ ಗಿಡದ ತೊಗಟೆಯಲ್ಲಿ ಹದ ಮಾಡುತ್ತಿದ್ದರು, ಅದು ವಾರಗಟ್ಟಲೆಯ ಕೆಲಸ. ಕ್ರೋಮಿಯಂ ಲವಣ ಬಂದಮೇಲೆ ಕೆಲಸ ಬೇಗ ಸಾಗಿತು. ಪರೀಕ್ಷೆಯಲ್ಲಿ ಎಲ್ಲರೂ ಕ್ರೋಮಿಯಂ ಎಂದು ಬರೆದು ಮುಗಿಸುತ್ತಾರೆ. ಆದರೆ ಹಸಿ ತೊಗಲು ಕೊಳೆಯದಿರಲೆಂದು ಮೊದಲೇ ಉಪ್ಪು ಸವರಿರುತ್ತಾರೆ, ಹದಕ್ಕೆ ಹಾಕುವ ಮುಂಚೆ ಅದನ್ನು ನೆನೆಸಿ ತೊಳೆಯಲೇಬೇಕು. ಆ ಉಪ್ಪುನೀರು ನೆಲಕ್ಕಿಳಿದು ಬಾವಿ ಸೇರುತ್ತದೆ. ಕ್ರೋಮಿಯಮ್ಮನ್ನು ಸುಣ್ಣ ಹಾಕಿ ತಳಕ್ಕೆ ಕೂರಿಸಬಹುದು, ಕರಗಿದ ಉಪ್ಪು ಹಾಗೆ ಕೂರುವುದಿಲ್ಲ. ಬೇಳೆ ಬೇಯದ ನೀರು, ಸೋಪು ನೊರೆ ಕೊಡದ ನೀರು, ತೆಂಗು ಒಪ್ಪದ ನೀರು, ಇವೆಲ್ಲ ಅಲ್ಲಿಂದ ಶುರು.

1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಟ್ಯಾನರಿಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ದಾವೆ ಹೂಡಿದವರು ವೆಲ್ಲೂರಿನ ನಾಗರಿಕರು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಬರೆದ ಆ ತೀರ್ಪನ್ನು ಕಾನೂನು ಓದುವವರೆಲ್ಲ ಬಲ್ಲರು. ಹಾನಿಯಾಗುವ ಮುನ್ನವೇ ಎಚ್ಚರ ವಹಿಸಬೇಕು, ಕೆಡಿಸಿದವರೇ ತೆರಬೇಕು ಎಂಬ ಎರಡು ತತ್ವಗಳು ನಮ್ಮ ದೇಶದ ಕಾನೂನಿನ ಭಾಗವೆಂದು ಅದು ಸಾರಿತು. ಐದು ಜಿಲ್ಲೆಗಳ ಟ್ಯಾನರಿಗಳಿಗೆ ತಲಾ 10,000 ರೂಪಾಯಿ ದಂಡ ಹಾಕಿತು, ದಿಂಡಿಗಲ್ ಆ ಐದರಲ್ಲಿ ಒಂದು. ದೊಡ್ಡ ತತ್ವಗಳ ಸದ್ದಿನಲ್ಲಿ ತೀರ್ಪಿನ ಒಂದು ಸಾಲು ಯಾರಿಗೂ ಕೇಳಿಸುವುದಿಲ್ಲ. ದಿಂಡಿಗಲ್ ಮತ್ತು ರೆಡ್ಡಿಯಾರ್‌ಚತ್ರಂ ಪಂಚಾಯತಿ ಒಕ್ಕೂಟಗಳ 13 ಹಳ್ಳಿಗಳಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಸಮೀಕ್ಷೆ ಮಾಡಿತ್ತು. ಕುಡಿಯಲು, ಬೇಸಾಯಕ್ಕೆ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟಿದ್ದವು.

ಯಾರೋ ಹಳ್ಳಿಹಳ್ಳಿ ಸುತ್ತಿ ಬಾವಿ ಎಣಿಸಿದ್ದರು. ಎಣಿಸಿದ್ದಕ್ಕೇ ಅದು ದೆಹಲಿಯವರೆಗೆ ಹೋಯಿತು. 'ನಮ್ಮೂರ ನೀರು ಹಾಳಾಗಿದೆ' ಎಂದು ಊರವರು ಎಷ್ಟೋ ವರ್ಷ ಗೋಳಾಡಿರಬಹುದು, ಗೋಳಿಗೆ ನ್ಯಾಯಾಲಯದಲ್ಲಿ ಪುಟಸಂಖ್ಯೆ ಸಿಗುವುದಿಲ್ಲ. 467 ಮತ್ತು 350 ಎಂಬ ಎರಡು ಅಂಕಿಗಳಿಗೆ ಸಿಕ್ಕಿತು. ಮೇಲೆ ಬೆಟ್ಟದಲ್ಲಿ, ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದು ಕೂಡ ಗುಜರಿ ಅಂಗಡಿಯೊಂದರಲ್ಲಿ ಬಿದ್ದಿದ್ದ ಪಾದರಸ ಮೆತ್ತಿದ ಗಾಜು ಊರವರ ಕಣ್ಣಿಗೆ ಬಿದ್ದದ್ದರಿಂದ. ಎರಡು ಕಡೆಯೂ ಮೊದಲು ಬೇಕಾದದ್ದು ಅಲ್ಲೇ ಬದುಕುವವರ ಕಣ್ಣು ಮತ್ತು ಬರೆದಿಡುವ ತಾಳ್ಮೆ. ನಮ್ಮ 25 ಅಂಕ ಕೇಳುವುದೂ ಅದನ್ನೇ.

ಈಗ ನಿಲಕ್ಕೋಟ್ಟೈಗೇ ಬರೋಣ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಮಧುರೆ ಮಲ್ಲಿಗೆ ಮಧುರೆಯಲ್ಲಷ್ಟೇ ಬೆಳೆಯುವುದಿಲ್ಲ, ಅದರ ಒಂದು ದೊಡ್ಡ ಪಾಲು ಈ ಸುತ್ತಿನ ಕೆಂಪು ನೆಲದ್ದು. ಇಲ್ಲಿನ ಹೂವಿನ ಮಾರುಕಟ್ಟೆ ಯಾರಿಗೆ ಗೊತ್ತಿಲ್ಲ? ಚಳಿಗಾಲದಲ್ಲಿ ಮೊಗ್ಗು ಕಡಿಮೆಯಾಗಿ, ಮುಹೂರ್ತಗಳು ಒಟ್ಟಿಗೆ ಬಿದ್ದರೆ ಬೆಲೆ ಮುಗಿಲು ಮುಟ್ಟುತ್ತದೆ. ಆಗಲೇ ಮೊಗ್ಗುಹುಳುವಿನ ಭಯವೂ ಹೆಚ್ಚು, ಔಷಧಿ ಹೊಡೆಯುವ ಅವಸರವೂ ಹೆಚ್ಚು. ಹೊಡೆದದ್ದು ಸಂಜೆ, ಮೊಗ್ಗು ಬಿಡಿಸುವುದು ನಸುಕಿನಲ್ಲಾದರೆ ನಡುವೆ ಎಷ್ಟು ಗಂಟೆ? ಡಬ್ಬಿಯ ಮೇಲೆ ಎಷ್ಟು ದಿನ ಬಿಡಬೇಕೆಂದು ಬರೆದಿದೆ? ಆ ಅಕ್ಷರ ಯಾವ ಭಾಷೆಯದು, ಎಷ್ಟು ಸಣ್ಣದು? ಕಲಸುವವರು ಕೈಗೆ ಏನಾದರೂ ತೊಟ್ಟಿದ್ದಾರೆಯೇ? ಡಬ್ಬಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳಲ್ಲಿ ಒಂದಕ್ಕೂ ಪ್ರಯೋಗಾಲಯ ಬೇಡ. ಪಠ್ಯಪುಸ್ತಕದಲ್ಲಿ ಉತ್ತರವೂ ಇಲ್ಲ. ಕ್ಷೇತ್ರಕಾರ್ಯಕ್ಕೆ ಪಠ್ಯಕ್ರಮ ಐದು ಗಂಟೆ ಇಟ್ಟಿದೆ. ಹಿಂದಿನ ಸಾಲುಗಳಲ್ಲಿ ಕುಳಿತವರಲ್ಲಿ ಕೆಲವರು ಒಂದೇ ವಾರದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೊಲದಲ್ಲಿರುತ್ತಾರೆ. ಅದನ್ನು ಕಾಲೇಜು ಲೆಕ್ಕಕ್ಕೆ ಹಿಡಿಯುವುದಿಲ್ಲ, ಗೈರುಹಾಜರಿ ಎಂದು ಹಿಡಿಯುತ್ತದೆ.

ನೀರಿನ ಪಾಠಕ್ಕಂತೂ ಇಂಥ ಊರು ಬೇರೆ ಸಿಗಲಾರದು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಉಸ್ತುವಾರಿಯಲ್ಲಿ 1887ರಿಂದ 1895ರವರೆಗೆ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟು ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟದ ಸುರಂಗದೊಳಗಿಂದ ಮೂಡಣಕ್ಕೆ ತಿರುಗಿಸಿತು. ಆ ನೀರು ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ ಕೊಟ್ಟು, ಕಂಬಂ ಕಣಿವೆಯ ಭತ್ತಕ್ಕೆ ಉಣಿಸಿ, 1959ರ ವೈಗೈ ಅಣೆಕಟ್ಟಿನಲ್ಲಿ ತಂಗಿ, ಇದೇ ತಾಲ್ಲೂಕಿನ ಪೇರಣೈಯಲ್ಲಿ ಕಾಲುವೆ ಹಿಡಿದು ಮಧುರೆಯ ಗದ್ದೆಗಳಿಗೆ ಹೋಗುತ್ತದೆ. ಕೇರಳದ ಮಳೆ, ತಮಿಳುನಾಡಿನ ಬೆಳೆ, ಎರಡು ಸರ್ಕಾರಗಳ ವ್ಯಾಜ್ಯ, ಮುಲ್ಲಪೆರಿಯಾರಿನ ನೀರಿನ ಮಟ್ಟಕ್ಕೆ 142 ಅಡಿಯೆಂಬ 2014ರ ಸುಪ್ರೀಂ ಕೋರ್ಟ್ ಮಿತಿ, ಇಷ್ಟೂ ಒಂದೇ ಕಾಲುವೆಯಲ್ಲಿ ಹರಿಯುತ್ತಿದೆ. ಜಲಸಂಪನ್ಮೂಲ ಎಂಬ ಘಟಕವನ್ನು ಪೇರಣೈಯ ದಂಡೆಯಲ್ಲಿ ಒಂದು ಬೆಳಗ್ಗೆ ಮುಗಿಸಬಹುದು.

ಇನ್ನು ನಮ್ಮ ಕನ್ನಡದ ಮನೆಗಳ ಮಾತು. ಇದು ಕೊಂಚ ಇರುಸುಮುರುಸಿನದು. ಕಂಬಂ ಕಣಿವೆಯ ಕನ್ನಡ ಮಾತಾಡುವ ಒಕ್ಕಲಿಗರಿಗೆ, ಸುತ್ತಲಿನವರು ಕಪ್ಪಿಲಿಯರೆಂದು ಕರೆಯುವವರಿಗೆ, ದನವೆಂದರೆ ಬರೀ ಆಸ್ತಿಯಲ್ಲ. ಕಂಬಂನ ನಂದಗೋಪಾಲಸ್ವಾಮಿ ಗುಡಿಯ ತಂಬಿರಾನ್ ದೊಡ್ಡಿಗೆ ಮಾಟ್ಟು ಪೊಂಗಲ್ ದಿನ ಸುತ್ತಲಿನ ಊರುಗಳೇ ಬಂದು ಕೈಮುಗಿಯುತ್ತವೆ. ಮಲೆಯ ದನ ಕಾಡಿನಲ್ಲಿ ಮೇಯ್ದೇ ಬದುಕಿದ ತಳಿ. 2021ರಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಮೀಸಲು ಪ್ರದೇಶ ಆಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನೇ ತಡೆಯಿತು, ಆಮೇಲೆ ಆ ತಡೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಈ ಸಮ್ಮೇಳನದಲ್ಲಿ ದನದ ಪರವಾಗಿ ಗೊತ್ತುವಳಿ ತರಬೇಕೆಂದು ಬೆಳಗ್ಗೆಯಿಂದ ನಾಲ್ಕಾರು ಮಂದಿ ನನ್ನ ಕಿವಿಯಲ್ಲಿ ಹೇಳಿದ್ದಾರೆ. ನನ್ನ ಒಲವೂ ದನದ ಕಡೆಗೇ ಇದೆ. ಆದರೂ ಈ ವರ್ಷ ಆ ಗೊತ್ತುವಳಿ ಬೇಡ ಎನ್ನುತ್ತೇನೆ. ಎಷ್ಟು ದನ, ಯಾವ ತಿಂಗಳು, ಯಾವ ಇಳಿಜಾರು, ಅಲ್ಲಿ ಹುಲ್ಲು ಹೆಚ್ಚಿತೋ ಲಾಂಟಾನ ಕಳೆ ಹೆಚ್ಚಿತೋ, ಇದ್ಯಾವುದನ್ನೂ ನಾವು ಬರೆದಿಟ್ಟಿಲ್ಲ. ಈ ವೈಗೈ ಹುಟ್ಟುವುದೂ ಅದೇ ಬೆಟ್ಟಗಳಲ್ಲಿ ಎಂಬುದನ್ನು ಮರೆತು ಮಾತಾಡುವಂತಿಲ್ಲ. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಹಿಂದಿನಂತೆ ತರಗಿಗೆ ಬೆಂಕಿ ಇಡುವುದು ನಿಂತಮೇಲೆ ಲಾಂಟಾನ ಹಬ್ಬಿತು ಎಂದು ಸೋಲಿಗ ಹಿರಿಯರು ಹೇಳುತ್ತಿದ್ದರು. ಸಂಶೋಧಕರು ಕೂತು ಕೇಳಿ, ಕಾಡಿನಲ್ಲಿ ಅಳೆದು, ಪ್ರಬಂಧವಾಗಿ ಪ್ರಕಟಿಸಿದ ಮೇಲೆ ಆ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟವಾಯಿತು. ನಮ್ಮ ದನಗಾಹಿ ಅಜ್ಜಂದಿರ ಹತ್ತಿರ ಕೂರಲು ಅವರ ಮೊಮ್ಮಗಳಿಗಿಂತ ಯೋಗ್ಯರು ಯಾರಿದ್ದಾರೆ? ಅವಳಿಗೆ ದುಭಾಷಿ ಬೇಡ. ಅವಳು ಬರೆದದ್ದು ನಮಗೆ ಹಿತವಾಗದೆಯೂ ಇರಬಹುದು, ಅದಕ್ಕೂ ತಯಾರಿರಬೇಕು. ಚಿನ್ನಾಳಪಟ್ಟಿಯ ನೇಯ್ಗೆಯ ಮನೆಗಳವರಿಗೂ ಇದೇ ಮಾತು: ಸುಂಗುಡಿ ಸೀರೆಯ ಬಣ್ಣದ ನೀರು ಯಾವ ಮೋರಿಗೆ ಹೋಗುತ್ತದೆಂದು ಹೊರಗಿನವರು ಕೇಳುವ ಮೊದಲು ಮನೆಯವರೇ ಕೇಳಲಿ.

ಅಡ್ಡಿಗಳಿವೆ. ಬಸ್ಸಿಗೆ ಹಣವಿಲ್ಲ ಎಂದು ಪ್ರಾಂಶುಪಾಲರು ಹೇಳುತ್ತಾರೆ, ಹೆಣ್ಣುಮಕ್ಕಳನ್ನು ಹೊರಗೆ ಕರೆದೊಯ್ದರೆ ಜವಾಬ್ದಾರಿ ಯಾರದೆಂದು ಕೇಳುತ್ತಾರೆ. ಸಂಜೆಯ ಕೊನೆಯ ಬಸ್ ತಪ್ಪಿದರೆ ಅಪ್ಪಂದಿರು ಮರುದಿನ ಕಾಲೇಜಿಗೇ ಕಳಿಸುವುದಿಲ್ಲ. ಇವು ಸುಳ್ಳು ನೆಪಗಳೇನಲ್ಲ. ಅದಕ್ಕೇ ನಾನು ಪ್ರವಾಸ ಕೇಳುತ್ತಿಲ್ಲ. ಪ್ರತಿ ವಿದ್ಯಾರ್ಥಿನಿ ತನ್ನ ಮನೆಗೆ ಹತ್ತಿರದ ಒಂದು ಬಾವಿಯನ್ನು ಹಿಡಿಯಲಿ. ನೀರು ಎಷ್ಟು ಆಳದಲ್ಲಿದೆಯೆಂದು ಹಗ್ಗ ಬಿಟ್ಟು ಅಳೆಯಲಿ. ಕರಗಿದ ಉಪ್ಪನ್ನು ಅಂದಾಜಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಬರುತ್ತದೆ, ತರಗತಿಗೆ ಒಂದು ಸಾಕು. ಬಾವಿಯ ಹಳೆಯ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ಬರೆಯಲಿ, ತಮಿಳೋ ಇಂಗ್ಲಿಷೋ, ತನಗೆ ಬರುವ ಲಿಪಿಯಲ್ಲಿ. ಅವಳು ಕಾಲೇಜು ಬಿಡುವಾಗ ಆ ನೋಟ್‌ಬುಕ್ಕು ಜೆರಾಕ್ಸ್ ಅಂಗಡಿಗೆ ಹೋಗದೆ ಅದೇ ಊರಿನ ಕಿರಿಯಳ ಕೈಗೆ ಹೋಗಲಿ, ಅಂಕಿಗಳು ಮುಂದುವರಿಯಲಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯತಿ ತನ್ನ ಜೀವವೈವಿಧ್ಯ ದಾಖಲೆ ಇಡಬೇಕು. ಬಾವಿಯ ಸುತ್ತಲಿನ ಗಿಡ, ಹಕ್ಕಿಗಳ ಪಟ್ಟಿಯನ್ನು ಅಲ್ಲಿಗೂ ಒಂದು ಪ್ರತಿ ಕೊಡಬಹುದು.

ದಿಂಡಿಗಲ್ ಕಡೆಯ ಕಾಲೇಜಿನವರಿಗೆ ಬೇರೆ ಕೆಲಸವಿದೆ. ತೀರ್ಪಿನಲ್ಲಿ ಹೇಳಿರುವ ಆ ಎರಡು ಒಕ್ಕೂಟಗಳಿಗೆ ಹೋಗಿ ಬಾವಿಗಳನ್ನು ಮತ್ತೆ ಎಣಿಸಿ. ಎಷ್ಟು ಉಳಿದಿವೆ, ಎಷ್ಟನ್ನು ಮುಚ್ಚಿದ್ದಾರೆ, ಎಷ್ಟರ ಪಕ್ಕದಲ್ಲಿ ಕೊಳವೆಬಾವಿ ಬಂದಿದೆ, ಬರೆಯಿರಿ.

ಊಟದ ನಂತರದ ಗೋಷ್ಠಿಯಲ್ಲಿ ಅಧ್ಯಾಪಕರು ದಯವಿಟ್ಟು ಬೇರೆ ಚರ್ಚೆ ಬಿಟ್ಟು ಊರುಗಳನ್ನು ಹಂಚಿಕೊಳ್ಳಬೇಕು. ಮೊದಲ ಅಳತೆ ಮಾರ್ಚಿನೊಳಗೆ ಆಗಲಿ, ಎರಡನೆಯದು ಹಿಂಗಾರು ಮಳೆ ಹಿಡಿಯುವ ಮೊದಲು, ಮೂರನೆಯದು ಪೊಂಗಲ್ ಕಳೆದ ಮೇಲೆ. ಏಪ್ರಿಲ್‌ಗೆ ಬಿಟ್ಟರೆ ಪರೀಕ್ಷೆ ಬರುತ್ತದೆ, ಮೇ ತಿಂಗಳಿಗೆ ಬಿಟ್ಟರೆ ಎಷ್ಟೋ ಬಾವಿಗಳಲ್ಲಿ ಅಳೆಯಲು ನೀರೇ ಇರುವುದಿಲ್ಲ.